ಶಾಕ್ ಕೇಸಿನಲ್ಲಿ ಡೊಬುಟಮಿನ್‌ಗಿಂತ ಮೊದಲು ಎಕೋ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ, ಬೇಲೂರು, ಅರಕಲಗೂಡು ಕಡೆ ಎಮರ್ಜೆನ್ಸಿ ಡ್ಯೂಟಿಯಲ್ಲಿರುವವರು ದಯವಿಟ್ಟು ಪೂರ್ತಿ ಓದಿ. ಶಾಕ್ ಅಂದರೆ ಬಿಪಿ ಕುಸಿದು ದೇಹಕ್ಕೆ ರಕ್ತ ಸಾಲದ ಸ್ಥಿತಿ. ಅಲ್ಲಿ ಹೃದಯದ ಬಡಿತ ಜೋರು ಮಾಡುವ ಡೊಬುಟಮಿನ್ ಹಾಕುವ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡಿ.

ಬಿಪಿ ಬಿದ್ದಿದೆ, ಕೈಕಾಲು ತಣ್ಣಗಾಗಿವೆ, ಇಸಿಜಿಯಲ್ಲಿ ಎಸ್‌ಟಿ ಏರಿದೆ. ಹಾರ್ಟ್ ಅಟ್ಯಾಕ್ ಅಂತಲೇ ಅನ್ನಿಸುತ್ತದೆ, ಅಲ್ವಾ? ಮನೆಯಲ್ಲಿ ಸಾವೋ ದೊಡ್ಡ ಆಘಾತವೋ ಆದ ಮೇಲೆ ಬರುವ ತಕೋತ್ಸುಬೊ (ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವುದು) ಕೂಡ ಹೀಗೇ ಕಾಣುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ.

ಅದೇ ರೋಗಿಗೆ ಮೊದಲಿಂದಲೂ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ (ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ) ಇದ್ದರೆ ಕಷ್ಟ ದುಪ್ಪಟ್ಟು. ಹೃದಯದ ತುದಿ ಬಡಿಯುವುದಿಲ್ಲ, ಬುಡ ಮಾತ್ರ ಜೋರಾಗಿ ಬಡಿಯುತ್ತದೆ. ಮೈಟ್ರಲ್ ವಾಲ್ವ್‌ನ ಲೀಫ್‌ಲೆಟ್ (ಹೃದಯದ ಕವಾಟದ ಎಸಳು) ದಪ್ಪ ಗೋಡೆಗೆ ಬಂದು ತಾಗಿ, ರಕ್ತ ಹೊರಹೋಗುವ ದಾರಿಯನ್ನೇ ಕಟ್ಟುತ್ತದೆ. ಆಗ ಡೊಬುಟಮಿನ್, ಅಡ್ರಿನಲಿನ್ ಕೊಟ್ಟರೆ ಅಡಚಣೆ ಇನ್ನೂ ಬಿಗಿಯಾಗುತ್ತದೆ. ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್, ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೊಟ್ಟರೂ ಹಾಗೇ. ಬಲೂನ್ ಪಂಪ್ (ಮಹಾಧಮನಿಯೊಳಗೆ ಇಟ್ಟು ಹೃದಯಕ್ಕೆ ನೆರವಾಗುವ ಸಾಧನ) ಕೂಡ ತೊಂದರೆ ಮಾಡಬಹುದು. ಡೊಬುಟಮಿನ್ ಡ್ರಿಪ್ ಏರಿಸಿದಷ್ಟೂ ಬಿಪಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವತ್ತಿಗೂ ಮರೆತಿಲ್ಲ.

ಅದಕ್ಕೇ ಸ್ಟೆತ್ ಇಟ್ಟು ಮರ್ಮರ್ (ಹೃದಯದ ಅಸಹಜ ಸದ್ದು) ಇದೆಯಾ ಕೇಳಿ, ಎಕೋ ಪ್ರೋಬ್ ಇಡಿ. ಅಡಚಣೆ ಇದ್ದು ಶ್ವಾಸಕೋಶ ತಿಳಿಯಾಗಿದ್ದರೆ ಸಲೈನ್ ಸ್ವಲ್ಪ ಸ್ವಲ್ಪವಾಗಿ ಕೊಡಿ. ಬಿಪಿಗೆ ರಕ್ತನಾಳ ಬಿಗಿಗೊಳಿಸುವ ಫಿನೈಲೆಫ್ರಿನ್. ಬಡಿತ ತಗ್ಗಿಸುವ ಎಸ್ಮೋಲಾಲ್ ಐಸಿಯುನಲ್ಲೇ, ತುಂಬ ಎಚ್ಚರದಿಂದ. ಏಟ್ರಿಯಲ್ ಫಿಬ್ರಿಲೇಷನ್ (ಬಡಿತದ ಲಯ ತಪ್ಪುವುದು) ಬಂದು ಬಿಪಿ ಕುಸಿದರೆ ಕಾಯಬೇಡಿ, ಕಾರ್ಡಿಯೋವರ್ಷನ್ (ವಿದ್ಯುತ್ ಕೊಟ್ಟು ಲಯ ಸರಿಮಾಡುವುದು) ಮಾಡಿ. ಅಡಚಣೆ ಇಲ್ಲದೆ ಪಂಪ್ ಮಾತ್ರ ಸೋತಿದ್ದರೆ ಲೆಕ್ಕ ಬೇರೆ, ಅಲ್ಲಿ ಇನೋಟ್ರೋಪ್ (ಡೊಬುಟಮಿನ್‌ನಂತೆ ಬಡಿತ ಜೋರು ಮಾಡುವ ಔಷಧಿ) ಬೇಕಾಗಬಹುದು.

ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ಸುಮ್ನೆ ಆಂಬುಲೆನ್ಸ್ ಹತ್ತಿಸಬೇಡಿ. ಎಕೋ ವಿಡಿಯೊ ಕ್ಲಿಪ್ ಮೊದಲು ಈ ಗ್ರೂಪಿನಲ್ಲಿ ಹಾಕಿ, ರೋಗಿಯ ಹೆಸರು ಕಾಣಬಾರದು. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ.