ಕೇಳಿದ ನೀಲಿ ಬೇರೆ, ಬಂದ ನೀಲಿ ಬೇರೆ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ತಪ್ಪು ಬಣ್ಣದ ಟ್ಯೂಬ್ ಕಳಿಸಿರುವ ಬಗ್ಗೆ

ನಮಸ್ಕಾರ.

ಹೋದ ತಿಂಗಳು ನಿಮ್ಮ ಆ್ಯಪ್‌ನಲ್ಲಿ ಚಿತ್ರ ಬರೆಯಲು ಎರಡು ಟ್ಯೂಬ್ ಅಲ್ಟ್ರಾಮರೀನ್ ನೀಲಿ ಅಕ್ರಿಲಿಕ್ ಬಣ್ಣ ತರಿಸಿದ್ದೆ. ಟ್ಯೂಬಿನ ಹೆಸರು ಮುಚ್ಚುವ ಹಾಗೆ ನಿಮ್ಮ ಬಾರ್‌ಕೋಡ್ ಸ್ಟಿಕ್ಕರ್ ಇತ್ತು. ಅದರಲ್ಲೇನೋ ಅಲ್ಟ್ರಾಮರೀನ್ ಅಂತಲೇ ಇದೆ. ಮೊನ್ನೆ ಉಗುರಿನಲ್ಲಿ ಕೆರೆದು ನೋಡಿದೆ. ಕೆಳಗಿರುವುದು ಥ್ಯಾಲೋ ಅನ್ನುವ ಬೇರೆ ನೀಲಿ, ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ ಪಿಗ್ಮೆಂಟ್ ಕೋಡ್ ಪಿಬಿ 15. ನಾನು ಕೇಳಿದ ಅಲ್ಟ್ರಾಮರೀನ್ ಪಿಬಿ 29.

ಮೊದಲೇ ಕೆರೆದು ನೋಡಬೇಕಿತ್ತು, ಒಪ್ಪುತ್ತೇನೆ. ಆದರೆ ಫೋನಿನಲ್ಲಿ ನಿಮ್ಮ ಹುಡುಗ ಹೇಳಿದ್ದು ಕೇಳಿ ಪಿತ್ತ ನೆತ್ತಿಗೇರಿತು: "ಸ್ವಲ್ಪ ಕೆಂಪು ಮಿಕ್ಸ್ ಮಾಡ್ಕೊಳ್ಳಿ ಮೇಡಂ, ಸರಿ ಹೋಗುತ್ತೆ."

ನಾನು ಬರೆಯುತ್ತಿರುವುದು ನಮ್ಮಜ್ಜಿಯ ಮುಖ, ಪೂರ್ತಿ ಚುಕ್ಕೆಗಳಲ್ಲಿ. ಪಾಯಿಂಟಿಲಿಸಂ ಅಂತಾರೆ. 1880ರ ದಶಕದಲ್ಲಿ ಪ್ಯಾರಿಸ್ಸಿನ ಜಾರ್ಜ್ ಸ್ಯೂರಾ ಶುರು ಮಾಡಿದ ರೀತಿ. ಬಿಳಿ ಸೇರಿಸಿ ತಿಳಿ ಮಾಡಿಕೊಳ್ಳುವುದು ಬಿಟ್ಟರೆ ಇದರಲ್ಲಿ ಬಣ್ಣ ಕಲಸುವುದು ಕಡಿಮೆ. ಪಕ್ಕಪಕ್ಕ ಚುಕ್ಕೆ ಇಡುವುದಷ್ಟೇ ನನ್ನ ಕೆಲಸ. ಕಲಸುವುದು ದೂರ ನಿಂತು ನೋಡುವವರ ಕಣ್ಣು. ಮಿಕ್ಸ್ ಮಾಡ್ಕೊಂಡು ಕೂರುವುದಾಗಿದ್ದರೆ ಚುಕ್ಕೆ ಯಾಕೆ ಇಡುತ್ತಿದ್ದೆ, ಅಲ್ವಾ?

ಕೆನ್ನೆಯ ನೆರಳಿಗೆ ಕಿತ್ತಳೆ ಚುಕ್ಕೆಗಳ ಸಂದಿಯಲ್ಲಿ ನಿಮ್ಮ ನೀಲಿ ಇಟ್ಟೆ. ಅಲ್ಟ್ರಾಮರೀನ್ ನೇರಳೆ ಕಡೆ ವಾಲುತ್ತೆ, ಥ್ಯಾಲೋ ಹಸಿರಿನ ಕಡೆ. ಅದೂ ಬಲು ಜೋರು ಬಣ್ಣ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕ್ಯಾನ್ವಾಸಿಗೆ ಮೂಗು ತಾಗಿಸಿಕೊಂಡು ಕೂತಾಗ ಗೊತ್ತಾಗಲಿಲ್ಲ. ಬೆಳಿಗ್ಗೆ ಹಾಲ್‌ನ ಆ ತುದಿಯಿಂದ ನೋಡಿದ ನಮ್ಮ ಯಜಮಾನರು, "ಅಜ್ಜಿ ಕೆನ್ನೆ ಯಾಕೆ ಪಾಚಿ ಕಟ್ಟಿದೆ?" ಅಂದರು. ಎಂಬತ್ತು ವರ್ಷ ಅರಿಶಿನ ಕಂಡ ಕೆನ್ನೆ ಅದು!

ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತೆ, ಒರೆಸಿ ತೆಗೆಯುವ ಹಾಗಿಲ್ಲ. ಅಂಗೈಯಗಲ ಜಾಗ, ಹನ್ನೊಂದು ರಾತ್ರಿಯ ಕೆಲಸ. ಈಗ ಜೀರೋ ನಂಬರ್ ಬ್ರಷ್‌ನಲ್ಲಿ ಒಂದೊಂದೇ ಚುಕ್ಕೆಯ ಮೇಲೆ ಬಿಳಿ ಕೂರಿಸುತ್ತಿದ್ದೇನೆ.

ಪಿಬಿ 29 ಇರುವ ಎರಡು ಟ್ಯೂಬ್ ಕಳಿಸಿ, ಸ್ಟಿಕ್ಕರ್ ಅಂಟಿಸದೆ. ಹಳೆಯದನ್ನು ನೀವೇ ಬಂದು ತೆಗೆದುಕೊಂಡು ಹೋಗಿ. "ಮುಚ್ಚಳ ತೆರೆದರೆ ವಾಪಸ್ ಇಲ್ಲ" ಅನ್ನಬೇಡಿ, ತಪ್ಪು ಮಾಲು ಕಳಿಸಿದ್ದು ನೀವು. ಬಿಲ್ಲು, ಕೆರೆದ ಟ್ಯೂಬಿನ ಫೋಟೋ ಜೊತೆಗಿವೆ. ಒಂದು ವಾರ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.

ದಸರಾಕ್ಕೆ ಅಜ್ಜಿ ಪಾಂಡವಪುರದಿಂದ ಬರುತ್ತಾರೆ. ಅಷ್ಟರೊಳಗೆ ಕೆನ್ನೆ ಸರಿಯಾಗಬೇಕು.

ಇಂತಿ,
ನಿಮ್ಮ ಗ್ರಾಹಕಿ
ಸರಸ್ವತಿಪುರಂ, ಮೈಸೂರು