ಸೂಪ್ ಕುಡಿಯುವ ಹೊತ್ತಿಗೆ ಮಲಗಿದವನಿಗೆ

ಪ್ರೀತಿಯ ಗೆಳೆಯಾ,

ಒಬ್ಬ ಗೃಹಿಣಿಯ ಮೂರು ದಿನಗಳನ್ನು ತೋರಿಸುವ 'ಝಾನ್ ಡೀಲ್ಮನ್' ಸಿನಿಮಾ ಹಾಕಿಕೊಂಡು ಕೂತವನು, ತಾಯಿ ಮಗ ಮಾತಿಲ್ಲದೆ ಸೂಪ್ ಕುಡಿಯುವ ಹೊತ್ತಿಗೆಲ್ಲ ನಿದ್ದೆ ಹೋದೆ ಅಂತ ಬರೆದಿದ್ದೀಯ. ಬೇಜಾರೇನೂ ಇಲ್ಲ ಕಣೋ. 3 ಗಂಟೆ 21 ನಿಮಿಷದ ಸಿನಿಮಾ, ಮಲಗದೆ ಏನು ಮಾಡ್ತೀಯ? ನೋಡುವವರಿಗೆ ಜೋಂಪು ಹತ್ತಿಸುವ ಚಿತ್ರಗಳೇ ತನಗಿಷ್ಟ, ಆಮೇಲೆ ವಾರಗಟ್ಟಲೆ ತಲೆಯಲ್ಲಿ ಉಳಿಯುವುದೂ ಅವೇ ಅನ್ನೋ ಅರ್ಥದ ಮಾತನ್ನು ಇರಾನಿನ ನಿರ್ದೇಶಕ ಅಬ್ಬಾಸ್ ಕಿಯರೋಸ್ತಮಿಯೇ ಆಡಿದ್ದುಂಟು.

ಚುಚ್ಚಿದ್ದು ನಿನ್ನ ಇನ್ನೊಂದು ಸಾಲು. 'ಇಂಥ ಸಿನಿಮಾದವರ ಹತ್ರ ದುಡ್ಡಿರಲ್ಲ, ಅದಕ್ಕೇ ಹೀಗೆ ತೆಗೀತಾರೆ.' ಸುಳ್ಳು ಅನ್ನಲಾರೆ. ಆದರೆ ಅಷ್ಟೇ ಅಂದರೆ ಒಪ್ಪಲಾರೆ.

ಕಿಯರೋಸ್ತಮಿಯ 'ಕ್ಲೋಸ್-ಅಪ್' (1990) ನೆನಪಾಗುತ್ತಿದೆ. ಸಬ್ಜಿಯಾನ್ ಅಂತ ಒಬ್ಬ ಬಡವ, ಸಿನಿಮಾ ಹುಚ್ಚಿನವ. ನಾನೇ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್ ಅಂತ ಹೇಳಿಕೊಂಡು ಟೆಹ್ರಾನಿನ ಒಂದು ಮನೆಯವರನ್ನು ನಂಬಿಸಿ, ನಿಮ್ಮ ಮನೆಯಲ್ಲೇ ಶೂಟಿಂಗ್ ಮಾಡುತ್ತೇನೆ ಅನ್ನುತ್ತಾನೆ. ಸಿಕ್ಕಿಬಿದ್ದು ಜೈಲು ಸೇರುತ್ತಾನೆ. ಇದು ನಡೆದ ಸಂಗತಿ. ಪತ್ರಿಕೆಯಲ್ಲಿ ಅದನ್ನು ಓದಿದ ಕಿಯರೋಸ್ತಮಿ ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಹಿಂದೆ ಬಿದ್ದ. ವಂಚಿಸಿದವನ ಪಾತ್ರಕ್ಕೆ ವಂಚಿಸಿದವನೇ, ಮೋಸಹೋದವರ ಪಾತ್ರಕ್ಕೆ ಮೋಸಹೋದವರೇ!

ಕೊನೆಯಲ್ಲಿ ಬಿಡುಗಡೆಯಾಗಿ ಹೊರಬಂದ ಸಬ್ಜಿಯಾನ್‌ಗಾಗಿ ನಿಜವಾದ ಮಖ್ಮಲ್‌ಬಾಫ್ ಕಾದು ನಿಂತಿರುತ್ತಾನೆ. ಇವನು ಅತ್ತುಬಿಡುತ್ತಾನೆ. ಇಬ್ಬರೂ ಒಂದೇ ಮೋಟಾರ್‌ಸೈಕಲ್ ಏರಿ ಆ ಮನೆಯ ಕಡೆ ಹೊರಡುತ್ತಾರೆ. ಅಲ್ಲಿಗೆ ಧ್ವನಿ ಕೈಕೊಡಲು ಶುರು. ಬರುತ್ತೆ, ಹೋಗುತ್ತೆ. ಮೊದಲ ಸಲ ನೋಡಿದಾಗ ನಾನು ಹೆಡ್‌ಫೋನ್ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಇನ್ನೊಂದು ಪ್ರತಿ ಹುಡುಕಿ ಅದನ್ನೂ ಹಾಕಿ ನೋಡಿದೆ. ಅಲ್ಲೂ ಅದೇ ಗತಿ! ಮೈಕು ಕೆಟ್ಟಿಲ್ಲ, ಎಡಿಟಿಂಗ್‌ನಲ್ಲಿ ಬೇಕೆಂದೇ ಮಾತಿಗೆ ಕತ್ತರಿ ಹಾಕಿದ್ದಾನೆ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಯೋಚನೆ ಮಾಡು. ಇಡೀ ಚಿತ್ರ ಕಾದು ಕೂತಿದ್ದೇ ಆ ಇಬ್ಬರ ಮಾತಿಗೆ. ಕೇಳಿಸಿದ್ದರೆ ಕೇಳಿ ಮುಗಿಸಿಬಿಡುತ್ತಿದ್ದೆವು. ಕೇಳಿಸದ್ದರಿಂದ ಹಿಂದೆ ಕೂತವನ ಬಗ್ಗಿದ ಭುಜ ಕಾಣಿಸಿತು, ಆ ಮನೆಯವರಿಗೆಂದು ಕೊಂಡ ಹೂವು ಕಾಣಿಸಿತು. ಇದಕ್ಕೂ ದುಡ್ಡಿಗೂ ಏನು ಸಂಬಂಧ ಹೇಳು? ಕೈಯಲ್ಲಿದ್ದದ್ದನ್ನು ಬಿಟ್ಟುಕೊಟ್ಟದ್ದು ಇದು.

'ಬೈಸಿಕಲ್ ಥೀವ್ಸ್' (1948) ವಿಷಯದಲ್ಲಂತೂ ದುಡ್ಡು ಬಾಗಿಲವರೆಗೂ ಬಂದಿತ್ತು. ಹಾಲಿವುಡ್‌ನ ನಿರ್ಮಾಪಕ ಸೆಲ್ಜ್‌ನಿಕ್ ಬಂಡವಾಳ ಹಾಕಲು ಸಿದ್ಧನಿದ್ದ, ಅಲ್ಲಿನ ದೊಡ್ಡ ತಾರೆ ಕ್ಯಾರಿ ಗ್ರಾಂಟ್ ನಾಯಕನಾಗಬೇಕು ಅನ್ನೋದು ಷರತ್ತು. ಇಟಲಿಯ ನಿರ್ದೇಶಕ ಡಿ ಸಿಕಾ ಒಲ್ಲೆ ಅಂದ, ಲಂಬೆರ್ತೊ ಮಜ್ಜೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನು ತಂದು ನಿಲ್ಲಿಸಿದ. ಚಿತ್ರ ಜಗತ್ತನ್ನೇ ಗೆದ್ದ ಮೇಲೆ ಆ ಕಾರ್ಮಿಕನ ಕಾರ್ಖಾನೆ ಕೆಲಸವೂ ಹೋಯಿತು. ಅದನ್ನು ಓದಿದಂದಿನಿಂದ ಆ ಸಿನಿಮಾವನ್ನು ಬರೀ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಬೇಕೆಂದು ಬಿಡುವವರ ಮಾತಾಯಿತು. ಕಿತ್ತುಕೊಂಡಾಗ? ಇರಾನಿನದೇ ನಿರ್ದೇಶಕ ಜಾಫರ್ ಪನಾಹಿಗೆ 20 ವರ್ಷ ಸಿನಿಮಾ ಮಾಡಬಾರದೆಂಬ ಶಿಕ್ಷೆಯಾಯಿತು. ಆತ ತನ್ನ ಮನೆಯ ಕಾರ್ಪೆಟ್ ಮೇಲೆ ಟೇಪು ಅಂಟಿಸಿ, ಇದು ಹುಡುಗಿಯ ಕೋಣೆ, ಇದು ಕಿಟಕಿ ಅಂತ ಗೆರೆ ಎಳೆದು, ತೆಗೆಯಲಾಗದ ಚಿತ್ರವನ್ನು ಓದಿ ಹೇಳಲು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಿಬಿಡುತ್ತಾನೆ. ಬಾಯಲ್ಲಿ ಹೇಳಿ ಮುಗಿಸುವುದಾದರೆ ಸಿನಿಮಾ ಯಾಕೆ ತೆಗೀಬೇಕು ಅಂತ ಅವನ ಪ್ರಶ್ನೆ. ಇದನ್ನೆಲ್ಲ ಸೆರೆಹಿಡಿದ 2011ರ ಆ ಚಿತ್ರಕ್ಕೆ ಅವನಿಟ್ಟ ಹೆಸರು 'ದಿಸ್ ಈಸ್ ನಾಟ್ ಎ ಫಿಲ್ಮ್'. ಕೊರತೆಯನ್ನು ಹೊಗಳೋಕೆ ಇದನ್ನೆಲ್ಲ ಹೇಳುತ್ತಿಲ್ಲ, ಮಾರಾಯ. ಅವನು ಎದ್ದು ಹೋಗುವ ಆ ಗಳಿಗೆಯಲ್ಲಿ ಸಿಟ್ಟಲ್ಲದೆ ಬೇರೇನೂ ಹುಟ್ಟಲಿಲ್ಲ ನನಗೆ.

ಇನ್ನು ನಿನ್ನ ಕಡೆಗೂ ಒಂದು ಮಾತು ಆಡಿಬಿಡುತ್ತೇನೆ. ನಿಧಾನವೆಲ್ಲ ಘನವಲ್ಲ. ಯಾರೋ ನಡೆಯುತ್ತಾರೆ, ಕ್ಯಾಮೆರಾ ಅವರ ಬೆನ್ನು ಹಿಡಿದು ಹೋಗುತ್ತೆ, ನಿಂತು ಗೋಡೆ ನೋಡುತ್ತಾರೆ, ಮುಗೀತು. ಚಿತ್ರೋತ್ಸವಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂಥ ಇವನ್ನು ನೋಡಿ ನಾನೂ ಸಾಕಷ್ಟು ಆಕಳಿಸಿದ್ದೇನೆ. ಅಂಥವುಗಳಲ್ಲಿ ಹತ್ತು ನಿಮಿಷ ಕತ್ತರಿಸಿದರೂ ಯಾರಿಗೂ ಗೊತ್ತಾಗದು.

'ಝಾನ್ ಡೀಲ್ಮನ್'ನಲ್ಲಿ ಹಾಗೆ ಕತ್ತರಿಸಿ ನೋಡು! 1975ರಲ್ಲಿ ಅದು ಮೊದಲು ತೆರೆ ಕಂಡಾಗ ಅದರ ನಿರ್ದೇಶಕಿ, ಬೆಲ್ಜಿಯಂನ ಶಾಂತಾಲ್ ಅಕರ್ಮನ್‌ಗೆ ಇನ್ನೂ 25 ತುಂಬಿರಲಿಲ್ಲ. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರು ಅದನ್ನು ಸಾರ್ವಕಾಲಿಕ ಪಟ್ಟಿಯ ಮೊದಲಲ್ಲಿಟ್ಟರು. ಪಟ್ಟಿಯ ಗೊಡವೆ ಬಿಡು. ಕೋಣೆಗೆ ಬಂದಾಗ ದೀಪ ಹಾಕುವುದು, ಹೊರಟಾಗ ಆರಿಸುವುದು, ಹಾಸಿಗೆ, ಪಾತ್ರೆ, ಸೂಪು... ನೀನು ಮಲಗಿದ ಆ ಮೊದಲ ದಿನ ಪೂರ್ತಿ ಆಕೆಯ ಕೈ ತಪ್ಪುವುದೇ ಇಲ್ಲ. ಆ ಲಯ ನಮ್ಮ ಮೈಗೆ ಹತ್ತಲಿ ಅಂತಲೇ ಅಕರ್ಮನ್ ಕಾಯುತ್ತಾಳೆ. ಎರಡನೇ ದಿನ ಒಲೆಯ ಮೇಲಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತೆ. ಅಷ್ಟೇ. ಆದರೆ ನನ್ನ ಎದೆ ಧಸಕ್ಕೆಂದಿತ್ತು.

ಹೇಗೂ ಅರ್ಧಕ್ಕೆ ಬಿಟ್ಟಿದ್ದೀಯಲ್ಲ, ಸೂಪಿನಿಂದಲೇ ಮುಂದುವರಿಸು. ಹಗಲು ಹೊತ್ತು ನೋಡು, ಫೋನು ದೂರ ಇಡು. ಆಲೂಗಡ್ಡೆ ಪಾತ್ರೆ ಹಿಡಿದುಕೊಂಡು ಎಲ್ಲಿಡಬೇಕೋ ತಿಳಿಯದೆ ಆಕೆ ಎಲ್ಲೆಲ್ಲಿ ಓಡಾಡುತ್ತಾಳೆ ಅಂತ ನೋಡಿ, ನನಗೆ ಬರೆ. ಮೂರನೇ ದಿನದ ಸುದ್ದಿ ಈಗಲೇ ಹೇಳಲ್ಲ.

ನಿನ್ನ
ಸಿನಿಮಾ ಹುಚ್ಚ