ಜಾಝ್ ಬೆಳೆದ ಕೋಣೆಗಳನ್ನೂ ನೆನೆಯೋಣ

ಮಾನ್ಯರೇ,

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಸಂಗೀತದ ಬಗ್ಗೆ ಬರೆಯುವವರು ಕಲಾವಿದರನ್ನು, ಧ್ವನಿಮುದ್ರಿಕೆಗಳನ್ನು ನೆನೆಯುತ್ತಾರೆ. ಆ ಸಂಗೀತ ಹುಟ್ಟಿ ಬೆಳೆದ ಕೋಣೆಗಳನ್ನು ಮಾತ್ರ ಮರೆತುಬಿಡುತ್ತಾರೆ. ನ್ಯೂಯಾರ್ಕ್ ನಗರವನ್ನೇ ನೋಡಿ. ಅಲ್ಲಿನ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್‌ನಲ್ಲಿ ವೇದಿಕೆ ಮೇಲೆ ಕಪ್ಪು ಕಲಾವಿದರು, ಎದುರಿಗೆ ಕೂರಲು ಬಿಳಿಯರಿಗಷ್ಟೇ ಅವಕಾಶ. 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಎಂಬ ನೃತ್ಯಶಾಲೆಯಲ್ಲಾದರೋ ಎಲ್ಲರೂ ಒಟ್ಟಿಗೆ ಕುಣಿದರು. ಅದನ್ನು ಕೆಡವಿ ವಸತಿ ಸಮುಚ್ಚಯ ಕಟ್ಟಿದರು. ಐವತ್ತೆರಡನೇ ಬೀದಿಯ ಹಳೆಯ ಮನೆಗಳ ನೆಲಮಾಳಿಗೆ ಕ್ಲಬ್‌ಗಳ ಜಾಗದಲ್ಲಿ ಈಗ ಕಚೇರಿ ಗೋಪುರಗಳಿವೆ.

ನನ್ನನ್ನು ಬಹಳ ಕಾಡುವುದು ‘ಕ್ಯಾಬರೆ ಕಾರ್ಡ್’ ಸಂಗತಿ. 1940ರಿಂದ 1967ರವರೆಗೆ ಮದ್ಯ ಮಾರುವ ಕ್ಲಬ್‌ಗಳಲ್ಲಿ ಹಾಡಲು, ನುಡಿಸಲು ಈ ಪರವಾನಗಿ ಚೀಟಿ ಬೇಕಿತ್ತು. ಬೆರಳಚ್ಚು ಕೊಟ್ಟು ಪಡೆಯಬೇಕು; ಪೊಲೀಸರು ಮನಸ್ಸು ಮಾಡಿದರೆ ಕಿತ್ತುಕೊಳ್ಳಬಹುದು. ಅದನ್ನು ಕಳೆದುಕೊಂಡ ಗಾಯಕಿ ಬಿಲ್ಲಿ ಹಾಲಿಡೇ 1948ರಲ್ಲಿ ಕಾರ್ನೆಗೀ ಹಾಲ್ ಎಂಬ ದೊಡ್ಡ ಸಭಾಂಗಣ ತುಂಬಿಸಿದರು, ಆದರೆ ಸಣ್ಣದೊಂದು ಕ್ಲಬ್‌ನಲ್ಲಿ ಹಾಡುವಂತಿರಲಿಲ್ಲ! ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಕಾರ್ಡ್ ಇಲ್ಲದೆ ಕಳೆದುಕೊಂಡದ್ದು ಆರು ವರ್ಷ. 1957ರಲ್ಲಿ ಕಾರ್ಡ್ ಮರಳಿದ ಮೇಲೆ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ಅವರು ತಿಂಗಳುಗಟ್ಟಲೆ ನುಡಿಸಿದರು.

1935ರಲ್ಲಿ ಶುರುವಾದ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ ಇಂದಿಗೂ ಉಳಿದಿದೆ. ಕಡಿದಾದ ಮೆಟ್ಟಿಲು ಇಳಿದರೆ ತ್ರಿಕೋನಾಕಾರದ ಇಕ್ಕಟ್ಟಾದ ನೆಲಮಾಳಿಗೆ, ಕೈಚಾಚುವಷ್ಟು ಹತ್ತಿರ ವೇದಿಕೆ. ದಯವಿಟ್ಟು ಇಂಥ ತಾಣಗಳ ಕುರಿತು ಪತ್ರಿಕೆಯಲ್ಲಿ ಲೇಖನಗಳು ಬರಲಿ.

– ಒಬ್ಬ ಸಂಗೀತಪ್ರೇಮಿ